ಬೆರಳಿಗೆ ತಾಗಿದ ಬಡಿತ

ಶಿವಕುಮಾರಿ ಮಹಾನಗರದ ಜೋಗೇಶ್ವರಿ ಬಡಾವಣೆಯ ಸಣ್ಣ ಹೆರಿಗೆ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ನರ್ಸ್. ಒಂದು ಮಧ್ಯಾಹ್ನ ಬಾಗಲಕೋಟೆ ಕಡೆಯ ಕಟ್ಟಡ ಕೆಲಸಗಾರ್ತಿ ಸುಂದ್ರವ್ವ, ಎಂಟು ತಿಂಗಳಿಗೇ ನೀರು ಒಡೆದು ಅಲ್ಲಿಗೆ ಬಂದಳು. ಮಗುವಿನ ತಲೆ ಇನ್ನೂ ಕೆಳಗಿಳಿದಿರಲಿಲ್ಲ, ಅದಕ್ಕೂ ಮೊದಲೇ ಹೊಕ್ಕುಳಬಳ್ಳಿ ಹೊರಗೆ ಜಾರಿತ್ತು. ತಲೆ ಬಳ್ಳಿಯನ್ನು ಒತ್ತಿದರೆ ಮಗುವಿಗೆ ರಕ್ತ ಹರಿಯುವುದು ನಿಲ್ಲುತ್ತದೆ. ಅಲ್ಲಿ ಆಪರೇಷನ್ ಮಾಡುವವರಿರಲಿಲ್ಲ. ಶಿವಕುಮಾರಿ ಗ್ಲೌಸ್ ಹಾಕಿದ ಕೈಯನ್ನು ಒಳಗಿಟ್ಟು, ತಲೆಯನ್ನು ಮೇಲಕ್ಕೆ ತಳ್ಳಿ ಹಿಡಿದುಕೊಂಡೇ ಆಂಬ್ಯುಲೆನ್ಸಿನಲ್ಲಿ ಹೊರಟಳು.

ಬಳ್ಳಿಯ ಬಡಿತ ಬೆರಳಿಗೆ ತಾಗುತ್ತಿತ್ತು. ಹೈವೇಯ ಟ್ರಾಫಿಕ್‌ನಲ್ಲಿ ಗಾಡಿ ನಿಂತಾಗ ಅವಳ ಕೈ ಜೋಮು ಹಿಡಿದು ಸೋತಿತು. ಬಡಿತ ಸಿಗದಂತಾಯಿತು. ಮತ್ತೆ ತಳ್ಳಿ ಹಿಡಿದ ಮೇಲೆ ಮೆಲ್ಲನೆ ಮರಳಿತು.

ದೊಡ್ಡಾಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು ತೆಗೆದ ಮಗು ಬಹಳ ಹೊತ್ತು ಅಳಲಿಲ್ಲ. ಹೇಗೋ ಬದುಕಿತು. ಎರಡು ವರ್ಷವಾದರೂ ಅದರ ಕತ್ತು ನಿಂತಿಲ್ಲ.

“ನಿಮ್ಮ ಕೈಯಿಂದನ ಉಳದೈತ್ರಿ ಅಕ್ಕಾರ,” ಎಂದು ಸುಂದ್ರವ್ವ ಬಂದಾಗಲೆಲ್ಲ ಮಗುವನ್ನು ಅವಳ ಮಡಿಲಿಗೆ ಹಾಕುತ್ತಾಳೆ. ಆ ದಿನಗಳಲ್ಲಿ ಶಿವಕುಮಾರಿಗೆ ಅನ್ನ ಸೇರುವುದಿಲ್ಲ.

ಕಳೆದ ವಾರ ಹೇಳಿಯೇಬಿಟ್ಟಳು: “ಅವತ್ತ ನನ್ನ ಕೈ ಸೋತಿತ್ತವ್ವಾ.”

ಸುಂದ್ರವ್ವ ಮಗುವಿನ ಜೊಲ್ಲು ಒರೆಸಿದಳು.

“ಗೊತ್ತೈತ್ರಿ. ಗಾಡ್ಯಾಗ ನೀವು ಅಳಾಕತ್ತಿದ್ರಿ.”