ಒಂದು ಗಾಜಿನ ನಳಿಗೆಯಷ್ಟು ಉಗುಳು

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಾವು ವಡಾಲದ ಚಾಳಿನಲ್ಲಿದ್ದೆವು. ಒಂದು ಬೆಳಿಗ್ಗೆ ಮಗಳ ಶಾಲೆಯ ಅಂಗಿಗೆ ಕೊರಳ ಗುಂಡಿ ಹಾಕಲು ಹೋದರೆ ಹತ್ತಲೇ ಇಲ್ಲ. ಕೊರಳ ಮುಂದೆ ಮೆತ್ತಗೊಂದು ಬಾವು.

ದೊಡ್ಡ ಆಸ್ಪತ್ರೆಯ ಡಾಕ್ಟರು ಮರಾಠಿಯವರು. ರಕ್ತ ನೋಡಿದರು, ಅದರಲ್ಲಿ ಏನೂ ಸ್ಪಷ್ಟವಾಗಲಿಲ್ಲ. "ಊಟದಲ್ಲಿ ಅಯೋಡಿನ್ ಸಾಲದೆ ಹೀಗಾಗಿದ್ದರೆ ಔಷಧಿಯಲ್ಲೇ ಇಳಿಯುತ್ತದೆ. ಅಲ್ಲವಾದರೆ ಕೊರಳು ಕೊಯ್ಯಬೇಕಾದೀತು, ಅದಕ್ಕೆ ತಾರೀಖು ಈಗಲೇ ಹಿಡಿದಿಡುತ್ತೇನೆ. ಉಗುಳು ಪರೀಕ್ಷೆ ಮಾಡಿ ನೋಡೋಣ, ಹೊಸ ರೀತಿ. ಸಮುದ್ರದ ಮೀನಿನಲ್ಲಿ ಅಯೋಡಿನ್ ಇರುತ್ತದೆ, ತಿನ್ನುತ್ತೀರಾ?" ಎಂದರು.

ನನ್ನ ಅತ್ತೆ ಸೆರಗು ಬಿಗಿದುಕೊಂಡರು. "ರಾಮ ರಾಮಾ! ನಮ್ಮ ಮನ್ಯಾಗ ಉಳ್ಳಾಗಡ್ಡಿ ಸುದ್ದಾ ಬರೂದಿಲ್ಲ."

ಧಾರವಾಡದ ಕಡೆಯ ನಮ್ಮ ಮನೆಯಲ್ಲಿ ಎಂಜಲು ಅಂದರೆ ಅಷ್ಟು ಕಟ್ಟುನಿಟ್ಟು. ತಂಬಿಗೆಗೆ ತುಟಿ ತಾಗಿದರೂ ಅದು ಮುಸುರೆಗೆ ಹೋಗಬೇಕು. ಅಂಥಾದ್ದರಲ್ಲಿ ಮಗು ಎಂಜಲನ್ನು ಗಾಜಿನ ನಳಿಗೆಯಲ್ಲಿ ತುಂಬಿ ಕೊಡಬೇಕಂತೆ! "ಎಂಜಲಾ ಯಾರರೆ ದಾನಾ ಕೊಡ್ತಾರೇನ ಮಾರಾಯ್ತೀ" ಎಂದು ಅತ್ತೆ ದಾರಿಯುದ್ದಕ್ಕೂ ಗೊಣಗಿದರು. ಆದರೂ ಮೊಮ್ಮಗಳ ಕೊರಳಿಗೆ ಕತ್ತಿ ತಾಗಬಾರದೆಂದು ವಿಠ್ಠಲನಿಗೆ ಹೇಳಿಕೊಂಡು, ಪರೀಕ್ಷೆಯ ದಿನ ಹುಡುಗಿಗೆ ಉಪವಾಸ ಹಿಡಿಸಿದರು. ತೊಟ್ಟು ನೀರೂ ಇಲ್ಲ. ಒಳ್ಳೆಯ ಕೆಲಸಕ್ಕೆ ಹೊರಟವರು ಹಾಗೇ ಹೋಗಬೇಕು ಅಂತ ನನಗೂ ಅನಿಸಿತು. ಲೋಕಲ್‌ ರೈಲಿನಲ್ಲಿ ಅವಳಿಗೆ ಕೂರಲು ಜಾಗ ಸಿಕ್ಕಿತು, ದೇವರು ದೊಡ್ಡವನು ಅಂದುಕೊಂಡೆ.

ಆಸ್ಪತ್ರೆಯಲ್ಲಿ ಸಿಸ್ಟರ್ ನಳಿಗೆ ಕೈಗಿಟ್ಟರೆ ಮಗುವಿನ ಬಾಯಿ ಒಣಗಿ ಹಪ್ಪಳ. ಅದರ ಮೇಲೆ ಹಿರಿಯರ ಮುಂದೆ ಉಗುಳಬಾರದು ಅಂತ ಹುಟ್ಟಿದಾಗಿನಿಂದ ಹೇಳಿ ಹೇಳಿ ಬೆಳೆಸಿದ್ದು ನಾವೇ. "ಥೂಕೋ ಬೇಟಿ, ಥೂಕೋ" ಎಂದು ಸಿಸ್ಟರ್ ಬೆನ್ನು ಸವರಿದಷ್ಟೂ ಇವಳ ಕಣ್ಣಲ್ಲಿ ನೀರು ಬಂತೇ ಹೊರತು ಬಾಯಲ್ಲಿ ಬರಲಿಲ್ಲ.

"ಸ್ವಲ್ಪ ನಿಂಬೆಹಣ್ಣು ನೆಕ್ಕಿಸಲೇ?" ಎಂದೆ.

"ಬೇಡ ಬೇಡ. ಬಾಯಿಗೆ ಈಗ ಏನು ಹಾಕಿದರೂ ಪರೀಕ್ಷೆ ಕೆಡುತ್ತದೆ" ಎಂದರು ಡಾಕ್ಟರು. "ಲ್ಯಾಬಿನ ಇವತ್ತಿನ ಪಾಳಿ ತಪ್ಪಿದರೆ ಮುಂದಿನ ತಿಂಗಳೇ. ಅಷ್ಟರಲ್ಲಿ ಆಪರೇಷನ್ನಿನ ತಾರೀಖು ಬಂದುಬಿಡುತ್ತದೆ."

ಯಾರನ್ನೂ ಮುಟ್ಟಿಸಿಕೊಳ್ಳದೆ ದೂರದ ಬೆಂಚಿನ ತುದಿಯಲ್ಲಿ ಕೂತಿದ್ದ ಅತ್ತೆ ಎದ್ದು ಬಂದರು. ಮೊಮ್ಮಗಳ ಗದ್ದ ಹಿಡಿದರು.

"ಬಾಯಾಗ ಏನೂ ಹಾಕಬ್ಯಾಡ ಅಂದ್ರು. ಕಿವ್ಯಾಗ ಹಾಕಬಹುದಲ್ಲಾ? ಕೇಳಿಲ್ಲೆ ನನ್ನವ್ವಾ. ಎಳೀ ಹುಣಚಿಕಾಯಿ ತಂದೇನಿ. ಹಸರಂದ್ರ ಹಸರು, ಇನ್ನೂ ಬೀಜಾ ಬಲಿತಿಲ್ಲ. ಒರಳಾಗ ಹಾಕಿದೆ, ಹರಳುಪ್ಪು ಹಾಕಿದೆ, ಕುಟ್ಟಿದೆ. ರಸಾ ಚಿಟ್ಟಂತ ಸಿಡದು ನನ್ನ ಮೂಗಿಗೇ ಹತ್ತಿತು ನೋಡು! ಈಗ ಹಸಿಮೆಣಸಿನಕಾಯಿ, ಮೆಂತ್ಯಾ, ಇಂಗು, ಒಂದ ಚೂರು ಬೆಲ್ಲಾ. ತೊಕ್ಕು ಆತು. ಬೆರಳಿಗೆ ಹಚ್ಚಿ ನಿನ್ನ ನಾಲಿಗಿ ಮ್ಯಾಲೆ ಇಟ್ಟೆ. ಹುಳಿ ಹತ್ತತೇನು?"

"ಅಜ್ಜೀ, ಸಾಕು!" ಎಂದು ಒಂದು ಕಣ್ಣು ಮುಚ್ಚಿ ಮುಖ ಕಿವುಚಿದಳು.

"ಹಾಂ, ಉಗುಳೀಗ. ದೇವರ ಮುಂದ ಉಗುಳಬಾರದು, ಡಾಕ್ಟರ ಮುಂದ ನಡೀತದ."

ನಳಿಗೆ ಬೇಕಾದಷ್ಟು ತುಂಬಿತು. ಕನ್ನಡದ ಒಂದಕ್ಷರ ಬಾರದ ಸಿಸ್ಟರ್ ಕೂಡ ಅತ್ತೆಯ ಮುಖ ನೋಡಿಯೇ ಗುಟುಕ್ಕೆಂದು ಉಗುಳು ನುಂಗಿಕೊಂಡಳು. ಡಾಕ್ಟರು ನಗುತ್ತ, "ಆಜೀ, ನಾಳೆಯಿಂದ ನೀವೇ ಡ್ಯೂಟಿಗೆ ಬನ್ನಿ" ಎಂದರು.

ಮನೆಗೆ ಬಂದವರೇ ಅತ್ತೆ ತಲೆಗೆ ನೀರು ಹಾಕಿಕೊಂಡರು, ಆ ಮಡಿಯನ್ನೇನೂ ಬಿಡಲಿಲ್ಲ. ಆಮೇಲೆ ಒದ್ದೆ ಕೂದಲಲ್ಲೇ ಕೂತು ಮಗುವಿಗೆ ಮೊಸರನ್ನ ಕಲಸಿದರು.

ಉಗುಳಿನಲ್ಲಿ ಅಯೋಡಿನ್ ತೀರಾ ಕಡಿಮೆ ಇತ್ತಂತೆ. ಊಟದ ಕೊರತೆಯೇ, ಕೊಯ್ಯುವುದು ಬೇಡ ಎಂದು ಡಾಕ್ಟರು ಹೇಳಿದಾಗ ನಾನು ಅಲ್ಲೇ ಕೈ ಮುಗಿದೆ. ಔಷಧಿಯ ಹನಿ ನೀರಲ್ಲಿ ಬೆರೆಸಿ ಕೊಡುತ್ತ ಬಂದೆವು. ಬಾವು ನಿಧಾನಕ್ಕೆ ಇಳಿಯಿತು. ಶಾಲೆಯ ಅಂಗಿಯ ಗುಂಡಿ ಮತ್ತೆ ಹತ್ತಿದ ದಿನ ಅತ್ತೆ ಚಾಳಿನ ನಲ್ಲಿಯ ಹತ್ತಿರ ಕೊಡ ಇಟ್ಟು, ನೆರೆದ ಹೆಂಗಸರಿಗೆಲ್ಲ ಕೇಳುವಂತೆ ಹೇಳಿದರು: "ಔಷಧಾ ಡಾಕ್ಟರದು ಖರೆ. ಎಂಜಲಾ ಮಾತ್ರ ನಾನೇ ತರಿಸಿದ್ದು!"

ನಾನು ಅವರ ಕೊಡ ಎತ್ತಿಕೊಂಡು, ಎದೆಯುಬ್ಬಿಸಿ, ಹಿಂದೆ ಹಿಂದೆ ಮೆಟ್ಟಿಲು ಹತ್ತಿದೆ.