ಆಲಿಕೆಯ ಮೇಡಂ

ನಮ್ಮ ಮೇಡಂ ಅವರ ಬಲಗೈಯ ಎರಡು ಬೆರಳು ಸದಾ ಹಳದಿ. ಅರಿಶಿನದ ಹಳದಿಯಲ್ಲ, ನೈಟ್ರಿಕ್ ಆಸಿಡ್ಡಿನದು. ತೊಳೆದರೆ ಹೋಗುವುದಿಲ್ಲ, ಚರ್ಮ ಸುಲಿದು ಹೊಸದು ಬರಬೇಕು. ಅಷ್ಟರಲ್ಲಿ ಮತ್ತೆಲ್ಲೋ ಒಂದು ಹನಿ ತಾಗಿಸಿಕೊಂಡಿರುತ್ತಿದ್ದರು. ಮಕ್ಕಳಿಗೆ ಗ್ಲೌಸ್ ಹಾಕಿಸುವರು, ತಾವು ಮಾತ್ರ ಹಾಕರು. ಹಾಕಿದರೆ ಗಾಜಿನ ಬಿಸಿ ಕೈಗೆ ಗೊತ್ತಾಗುವುದಿಲ್ಲವಂತೆ.

ಕುಂದಾಪುರದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಅವರು ಲೆಕ್ಚರರ್, ನಾನು ಅಟೆಂಡರ್. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಗಂಗೊಳ್ಳಿಯಲ್ಲಿ ಬೋಟಿಗೆ ಹೋದವನು ನಾನು. ಸೊಂಟಕ್ಕೆ ಪೆಟ್ಟಾಗಿ ಬೋಟು ಬಿಡಬೇಕಾಗಿ ಬಂದಾಗಲೂ ಯಾರ ಮುಂದೆಯೂ ಕೈಚಾಚಲಿಲ್ಲ. ಇಲ್ಲಿ ಕೆಲಸವಿದೆಯೆಂದು ಕೇಳಿ ನಾನೇ ಬಂದು ನಿಂತೆ. ಮೊದಲ ದಿನ ಮೇಡಂ ನನ್ನ ಓದು ಕೇಳಲಿಲ್ಲ, ಕೈ ತೋರಿಸಿ ಎಂದರು. ತಿರುಗಿಸಿ ತಿರುಗಿಸಿ ನೋಡಿದರು.

"ಬಲೆ ಹೆಣ್ದ ಕೈ ಅಲ್ದಾ? ಹಾಂಗಾರೆ ಗಾಜ್ ಒಡಿತಿಲ್ಲೆ."

ನನಗೆ ಗೊತ್ತಿದ್ದ ಆಲಿಕೆ ಒಂದೇ, ಡೀಸೆಲ್ ಹೊಯ್ಯುವ ತಗಡಿನದು. ಲ್ಯಾಬಿನಲ್ಲಿ ಒಂದು ಕಪಾಟು ತುಂಬ ಆಲಿಕೆಗಳೇ. ಮಕ್ಕಳು ಇಲ್ಲದ ಹೊತ್ತಿನಲ್ಲಿ ಒಂದೊಂದನ್ನೇ ಕೈಗೆ ಕೊಟ್ಟು ಕಲಿಸಿದರು. ಸಾದಾ ಆಲಿಕೆಗೆ ಸೋಸುವ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಬಿಡಿಸಿ ಕೂರಿಸಬೇಕು, ಒಂದು ಹನಿ ನೀರು ಹಾಕಿ ಗಾಜಿಗೆ ಅಂಟಿಸಬೇಕು. ಆಲಿಕೆಯ ಕಾಲು ಬೀಕರಿನ ಗೋಡೆಗೆ ತಾಗಿರಬೇಕು, ಆಗ ಸಿಡಿಯುವುದಿಲ್ಲ. ಉದ್ದ ಕಾಲಿನ, ತಲೆ ಮೊಗ್ಗಿನಂತಿರುವ ಒಂದಿತ್ತು. ಮುಚ್ಚಿದ ಬಾಟಲಿಯೊಳಗೆ ಆಸಿಡ್ ಇಳಿಸಲು ಅದು. ಅದರ ಕಾಲಿನ ತುದಿ ದ್ರವದೊಳಗೆ ಮುಳುಗಿರದಿದ್ದರೆ ಒಳಗೆ ಹುಟ್ಟಿದ ಗ್ಯಾಸೆಲ್ಲ ಅದೇ ದಾರಿಯಲ್ಲಿ ಮೇಲೆ ಬಂದುಬಿಡುತ್ತದೆ. ಪಿಂಗಾಣಿಯದೊಂದಕ್ಕೆ ತಳವೆಲ್ಲ ತೂತು. ಅದರಲ್ಲಿ ಕಾಗದ ಹಾಸಿ, ಕೆಳಗಿನಿಂದ ಪಂಪಿನಲ್ಲಿ ಗಾಳಿ ಎಳೆದರೆ ಗಂಟೆಗಟ್ಟಲೆ ಸೋಸುವುದು ಬೇಗ ಮುಗಿಯುತ್ತದೆ. ಇನ್ನೊಂದು ಪೇರಳೆ ಹಣ್ಣಿನ ಆಕಾರದ್ದು, ಕೆಳಗೆ ನಲ್ಲಿ. ಎಣ್ಣೆ, ನೀರು ಹಾಕಿ ಬಿಟ್ಟರೆ ಎಣ್ಣೆ ಮೇಲೆ ನಿಲ್ಲುತ್ತದೆ. ನೀರು ಇಳಿಸುತ್ತ ಬಂದು, ಎರಡರ ನಡುವಿನ ಗೆರೆ ನಲ್ಲಿಗೆ ಮುಟ್ಟುವಾಗ ತಿರುಗಿಸಿ ಮುಚ್ಚಬೇಕು.

ಇವುಗಳ ಇಂಗ್ಲಿಷ್ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ನನ್ನಷ್ಟಕ್ಕೆ ಮೊಗ್ಗು, ತೂತಿನ ಬಟ್ಟಲು, ಪೇರಳೆ ಎಂದು ಇಟ್ಟುಕೊಂಡೆ. ಅದು ಅವರ ಕಿವಿಗೆ ಹೇಗೆ ಬಿತ್ತೋ, ಮರುದಿನ ಕ್ಲಾಸಿನ ನಡುವೆ ಅಲ್ಲಿಂದಲೇ ಕರೆದರು: "ಹ್ವಾಯ್, ಆ ಪೇರಳೆ ತನ್ನಿ ಕಾಂಬ." ಹುಡುಗಿಯೊಬ್ಬಳು ಕಿಸಕ್ಕನೆ ನಕ್ಕಳು. ಮೇಡಂ ಅವಳತ್ತ ತಿರುಗಿದರು. "ಎಂತಕ್ಕೆ ನೆಗಾಡೂದ್? ಪರೀಕ್ಷೆಗೆ ಇಂಗ್ಲಿಷ್ ಹೆಸ್ರ್ ಬರಿ. ಈ ಕೋಣೆಲಿ ಅವ್ರ್ ಇಟ್ಟದ್ದೇ ಹೆಸ್ರ್."

ಎಂ.ಎಸ್ಸಿ. ಓದಿದವರು ನಾನು ಇಟ್ಟ ಹೆಸರಿನಿಂದ ಕೆಲಸ ಮಾಡಿದರು, ಕೊನೆಯವರೆಗೂ. ಅಂಥ ಮರ್ಯಾದೆಯನ್ನು ನನಗೆ ಬೇರೆ ಯಾರೂ ಕೊಟ್ಟಿಲ್ಲ.

ಮಧ್ಯಾಹ್ನದ ಊಟ ಲ್ಯಾಬಿನ ಹಿಂದಿನ ಕೋಣೆಯಲ್ಲಿ. ನನ್ನ ಡಬ್ಬಿಯ ಬಂಗುಡೆ ಅವರಿಗೆ, ಅವರ ತಂಗಿ ಮಾಡಿಕೊಟ್ಟ ಪಲ್ಯ ನನಗೆ. ಹೋದ ವರ್ಷ ಒಂದು ದಿನ ಉಣ್ಣುತ್ತ ಕೈ ನಿಲ್ಲಿಸಿದರು. ಗಂಟಲಲ್ಲಿ ಮುಳ್ಳು ಸಿಕ್ಕಿದೆ ಎಂದರು. ನಮ್ಮ ಕಡೆ ಮುಳ್ಳಿಗೆ ಡಾಕ್ಟರ ಹತ್ತಿರ ಯಾರು ಹೋಗುತ್ತಾರೆ? ಬರೀ ಅನ್ನದ ಉಂಡೆ ಮಾಡಿ ಅಗಿಯದೆ ನುಂಗಿದರು. ಮುಳ್ಳು ಹೋಗಲಿಲ್ಲ. ಬಾಳೆಹಣ್ಣು ನುಂಗಿದರು. ತಿಂಗಳುಗಟ್ಟಲೆ ಅದು ಮುಳ್ಳೇ ಎಂದು ಅವರೂ ನಂಬಿದರು, ಸಮುದ್ರದ ಮೀನು ತಿಂದೇ ಬೆಳೆದ ನಾನೂ ನಂಬಿದೆ. ಕೊನೆಗೆ ನೀರೂ ಇಳಿಯದಾದಾಗ ದೊಡ್ಡ ಆಸ್ಪತ್ರೆಗೆ ಹೋದರು. ಮುಳ್ಳಲ್ಲ, ಅನ್ನನಾಳದಲ್ಲಿ ಗಡ್ಡೆ, ಕ್ಯಾನ್ಸರ್.

ಮೂಗಿನಿಂದ ಹೊಟ್ಟೆಗೆ ನಳಿಗೆ ಹಾಕಿ ಮನೆಗೆ ಕಳಿಸಿದರು. ಮೈಯಲ್ಲಿ ಸ್ವಲ್ಪ ಶಕ್ತಿ ಬಂದರೆ ಮಾತ್ರ ಕರೆಂಟು, ಎಂದರೆ ರೇಡಿಯೇಶನ್, ಕೊಡುವುದು, ಇಲ್ಲವಾದರೆ ತಡೆಯುವುದಿಲ್ಲ ಎಂದರಂತೆ ಡಾಕ್ಟರು. ಎಲ್ಲ ನಳಿಗೆಯಲ್ಲಿ ಹೊಯ್ಯುವ ಗಂಜಿಯ ಮೇಲೆಯೇ ನಿಂತಿತ್ತು. ನಾನು ಬಾರ್ಕೂರಿನ ಅವರ ಮನೆಗೆ ಹೋದಾಗ ತಂಗಿ ಅಳುತ್ತಿದ್ದರು. ಹೆದರಿಕೆಯಲ್ಲಿ ಸಿರಿಂಜಿನಿಂದ ಗಂಜಿಯನ್ನು ಒತ್ತಿ ಒತ್ತಿ ತಳ್ಳುವರು, ಅಷ್ಟೂ ವಾಂತಿಯಾಗುವುದು. ಮೇಡಂ ನನ್ನನ್ನು ಕಂಡು ಸಿರಿಂಜಿನತ್ತ ಬೆರಳು ತೋರಿಸಿದರು. ದನಿ ಎಲ್ಲೋ ಆಳದಿಂದ ಬಂತು.

"ಅದ್ರ ದಂಟ್ ತೆಗಿನಿ. ಆಲಿಕೆ ಆತ್ತ್."

ಒತ್ತುವ ದಂಟನ್ನು ಕಿತ್ತು, ಬರೀ ಕೊಳವೆಯನ್ನು ನಳಿಗೆಗೆ ಸಿಕ್ಕಿಸಿ ಎತ್ತಿ ಹಿಡಿದೆ. ಬಟ್ಟೆಯಲ್ಲಿ ಸೋಸಿದ ಗಂಜಿಯನ್ನು ಹೊಯ್ದೆ. ಮೆಲ್ಲಗೆ ಇಳಿಯಿತು. ವಾಂತಿಯಾಗಲಿಲ್ಲ. ಅಂದಿನಿಂದ ಕಾಲೇಜು ಬಿಟ್ಟ ಮೇಲೆ ಬ್ರಹ್ಮಾವರಕ್ಕೆ ಬಸ್ಸು, ಅಲ್ಲಿಂದ ಬಾರ್ಕೂರು. ಹಗಲಿನದನ್ನು ತಂಗಿ ಕಲಿತುಕೊಂಡರು, ಸಂಜೆಯದು ನನ್ನದು. ಕೊಳವೆಯಲ್ಲಿ ಗಂಜಿ ಇಳಿಯುವುದನ್ನು ಮೇಡಂ ಕಣ್ಣು ಕಿರಿದು ಮಾಡಿ ನೋಡುವರು. ಕೈ ಒಂಚೂರು ಮೇಲೆ, ಒಂಚೂರು ಕೆಳಗೆ ಎಂದು ತಿದ್ದುವರು. ಒಮ್ಮೆ, ನಿಮಗೀಗ ಪ್ರಾಕ್ಟಿಕಲ್ಲಿಗೆ ಪೂರ್ತಿ ಮಾರ್ಕು ಕೊಡಬಹುದು ಎಂದರು. ಗಂಜಿ ಮೈಗೆ ಹಿಡಿಯಿತು. ಕರೆಂಟು ಶುರುವಾಯಿತು. ನಾನು ಗೆದ್ದೆವೆಂದೇ ತಿಳಿದಿದ್ದೆ.

ಆದರೆ ಗಡ್ಡೆ ಲಿವರಿಗೂ ಇಳಿದಿತ್ತು. ಇನ್ನು ಮಾಡುವುದೇನೂ ಇಲ್ಲ, ಮನೆಯಲ್ಲೇ ಇರಲಿ ಎಂದರು ಡಾಕ್ಟರು.

ಆಮೇಲೊಂದು ಸಂಜೆ, ನಾನು ಕೊಳವೆ ಎತ್ತಿ ಹಿಡಿದಾಗ ಮೇಡಂ ನನ್ನ ಮಣಿಕಟ್ಟು ಹಿಡಿದರು. ಹಿಡಿದು ಮೆಲ್ಲಗೆ ಕೆಳಗೆ ಒತ್ತಿದರು. ಕೈ ತಗ್ಗಿದಂತೆ ಗಂಜಿ ನಿಂತಿತು, ಮತ್ತೂ ತಗ್ಗಿದಾಗ ನಳಿಗೆಯಿಂದ ಹಿಂದಕ್ಕೆ ಕೊಳವೆಗೆ ಏರಿತು.

"ಸಾಕ್," ಎಂದರು. "ತಂಗಿ ಕೇಂತಿಲ್ಲೆ. ನೀವಾದ್ರೂ ನನ್ ಮಾತ್ ಕೇಣಿ."

ಮರುದಿನ ತಂಗಿ ನನ್ನ ದಾರಿ ಕಾಯುತ್ತ ಜಗಲಿಯಲ್ಲೇ ನಿಂತಿದ್ದರು. ಅಕ್ಕ ಬೆಳಿಗ್ಗೆಯಿಂದ ಮುಟ್ಟಗೊಡಲಿಲ್ಲ, ನೀವು ಹೊಯ್ದರೆ ಬೇಡ ಎನ್ನುವುದಿಲ್ಲ ಎಂದು ಪಾತ್ರೆಯನ್ನು ನನ್ನ ಕೈಗಿಡಲು ಬಂದರು. ನಾನು ತೆಗೆದುಕೊಳ್ಳಲಿಲ್ಲ. ನನ್ನಿಂದ ಆಗುವುದಿಲ್ಲ ಎಂದೆ. ಒಳಗೆ ಹೋಗಿ ಮೇಡಂ ಪಕ್ಕ ಕುಳಿತು, ಹತ್ತಿ ಒದ್ದೆ ಮಾಡಿ ತುಟಿ ಒರೆಸಿದೆ. ಲ್ಯಾಬಿನ ಸುದ್ದಿ ಹೇಳಿದೆ. ಕಣ್ಣು ಮುಚ್ಚಿಯೇ ಕೇಳಿದರು.

ಆ ವಾರ ತುಂಬುವುದರೊಳಗೆ ಹೋದರು. ಸುದ್ದಿ ನನಗೆ ಬಂದದ್ದು ಕಾಲೇಜಿನ ವಾಟ್ಸಾಪ್ ಗ್ರೂಪಿನಲ್ಲಿ.

ಉತ್ತರಕ್ರಿಯೆಯ ಬೊಜ್ಜದ ಊಟದ ದಿನ ತಂಗಿ ತಾವೇ ನನಗೆ ಎಲೆ ಹಾಕಿ, ಪಾಯಸದ ಸೌಟು ಹಿಡಿದು ಮುಂದೆ ನಿಂತರು. ಬೈಯಲಿಲ್ಲ. ಮೆತ್ತಗೆ ಕೇಳಿದರು.

"ಇನ್ನ್ ನಾಕ್ ದಿನ ಹೊಯ್ದಿರೆ ಅಕ್ಕ ಇರ್ತಿತ್ತೋ ಏನೋ, ಅಲ್ದಾ ಅಣ್ಣ?"

ಅವರ ಅಕ್ಕ ನನಗೆ ಹೇಳಿದ್ದನ್ನು ಅವರಿಗೆ ಹೇಳುವ ಧೈರ್ಯ ಅಂದೂ ಇರಲಿಲ್ಲ, ಇಂದೂ ಇಲ್ಲ. ಬಡಿಸಿದ ಎಲೆ ಬಿಟ್ಟು ಏಳುವುದು ಆ ಮನೆಗೆ ಅವಮಾನ. ತಲೆ ತಗ್ಗಿಸಿ ಒಂದು ಅಗುಳೂ ಬಿಡದೆ ಉಂಡೆ.