ಮಾಡಿದೆ, ಚೆನ್ನಾಗಿ ಬಂತು

ಗುರುವಾರ ಮಧ್ಯಾಹ್ನ ಎರಡು ಗಂಟೆಗೆ ಲೇಸ್ಯಾ ಕೊವಲಿಕ್ ಮನೆಗೆ ಬಂದು, ಬೂಟು ಬಿಚ್ಚಿ, ಊದಿದ ಕಾಲುಗಳನ್ನು ಎದುರಿನ ಕುರ್ಚಿಯ ಮೇಲೆ ಚಾಚಿ, ಕಂಪ್ಯೂಟರ್ ಹಚ್ಚುತ್ತಿದ್ದಳು. ಬೆಳಗ್ಗೆ ಐದಕ್ಕೆ ಶುರುವಾದ ಕೆಲಸ ಆಗಷ್ಟೇ ಮುಗಿದಿರುತ್ತಿತ್ತು. ಕೆನಡಾದ ಡಾಫಿನ್ ಊರಿನ ಆಸ್ಪತ್ರೆಯ ಬಟ್ಟೆ ಒಗೆಯುವ ನೆಲಮಾಳಿಗೆಯಲ್ಲಿ ಅವಳಿಗೆ ಇಪ್ಪತ್ತಾರು ವರ್ಷ ಕಳೆದಿತ್ತು. ನೆನೆದ ಚಾದರ ಎಷ್ಟು ಭಾರ ಎಂಬುದು ಎತ್ತಿದವರಿಗೇ ಗೊತ್ತು. ಐವತ್ತೆಂಟರ ಹೆಂಗಸು ಅಷ್ಟು ದುಡಿದು ಬಂದ ಮೇಲೆ ಮಲಗಬೇಕು. ಇವಳು ಕೂತು ಬ್ಲಾಗ್ ಬರೆಯುತ್ತಿದ್ದಳು.

ಬ್ಲಾಗಿನ ಹೆಸರು ‘ಅದೂ ಇದೂ’. ಹೆಸರಿಗೆ ತಕ್ಕ ಹಾಗೆ ಅದರಲ್ಲಿ ಇಲ್ಲದ್ದೇ ಇಲ್ಲ. ಈಸ್ಟರಿನ ಮೊಟ್ಟೆಯ ಮೇಲೆ ಜೇನುಮೇಣದಿಂದ ಚಿತ್ತಾರ ಬರೆಯುವುದು, ನಿಂತುಹೋದ ಗೋಡೆ ಗಡಿಯಾರವನ್ನು ಬಿಚ್ಚಿ ಎಣ್ಣೆ ಹಾಕುವುದು, ಹಿತ್ತಲಿಗೆ ಬರುವ ಗುಬ್ಬಿಗಳ ಲೆಕ್ಕ, ಹಳೆಯ ಸ್ವೆಟರ್ ಬಿಚ್ಚಿ ಕೈಗವಸು ಹೆಣೆಯುವುದು, ಬಾಲ್ದಿಯಲ್ಲಿ ಸಿಹಿಗೆಣಸು ಬೆಳೆಯಲು ಹೋಗಿ ಬೆರಳುಗಾತ್ರದ್ದು ಮೂರು ಸಿಕ್ಕಿದ್ದು. ಯಾವುದೂ ಆರು ತಿಂಗಳಿಗಿಂತ ಹೆಚ್ಚು ಬಾಳಲಿಲ್ಲ. ಗ್ರಂಥಾಲಯದಲ್ಲಿ ಬ್ಲಾಗ್ ಮಾಡುವುದನ್ನು ಕಲಿಸಿದ ಹೆಂಗಸು, ಒಂದೇ ವಿಷಯ ಹಿಡಿದುಕೊಳ್ಳಿ, ಆಗ ಓದುಗರು ನಿಲ್ಲುತ್ತಾರೆ ಎಂದಿದ್ದಳು. ಲೇಸ್ಯಾ ತಲೆಯಾಡಿಸಿ ಬಂದಳು. ಇಡೀ ದಿನ ಒಂದೇ ಬಣ್ಣದ ಚಾದರ ಮಡಚುವವಳಿಗೆ ಮನೆಯಲ್ಲೂ ಒಂದೇ ವಿಷಯ ಹಿಡಿ ಎಂದರೆ ಆಗುತ್ತದೆಯೇ?

ಗಂಡ ಒರೆಸ್ಟ್ ಚಳಿಗಾಲದಲ್ಲಿ ಊರಿನ ರಸ್ತೆಗಳ ಹಿಮ ತೆಗೆಯುವ ಗಾಡಿ ಓಡಿಸುತ್ತಿದ್ದ. ಬೇಸಿಗೆಯಲ್ಲಿ ಅದೇ ರಸ್ತೆಗಳ ಗುಂಡಿ ಮುಚ್ಚುತ್ತಿದ್ದ. ಅವನು ಬ್ಲಾಗ್ ಓದಿದವನಲ್ಲ. ಆದರೆ ಪ್ರತಿ ಗುರುವಾರ, ಈ ವಾರ ಯಾವ ಹುಚ್ಚು ಎಂದು ಕೇಳುವುದನ್ನು ತಪ್ಪಿಸುತ್ತಿರಲಿಲ್ಲ.

ಮೊದಲ ಎರಡು ವರ್ಷ ನಲವತ್ತು ಜನ ಓದುತ್ತಿದ್ದರು. ಆಮೇಲೆ ಎಲ್ಲರೂ ಫೇಸ್‌ಬುಕ್ಕಿಗೆ ಗುಳೆ ಎದ್ದರು. ಉಳಿದವಳು ಒಬ್ಬಳೇ: ನೆಟ್ಟಿ. ಅಡ್ಡಹೆಸರಿಲ್ಲ, ಚಿತ್ರವಿಲ್ಲ, ವಿಳಾಸವಿಲ್ಲ. ಪಕ್ಕದ ಸಸ್ಕ್ಯಾಚೆವಾನ್ ಪ್ರಾಂತ್ಯದವಳು ಎಂಬುದನ್ನು ಬಿಟ್ಟರೆ ಏನೂ ಗೊತ್ತಿರಲಿಲ್ಲ. ಆದರೆ ಆರು ವರ್ಷ ಒಂದು ಶುಕ್ರವಾರವೂ ತಪ್ಪದೆ ಬರಹದ ಕೆಳಗೆ ಅವಳ ಸಾಲು ಇರುತ್ತಿತ್ತು. ‘ಮಾಡಿದೆ, ಚೆನ್ನಾಗಿ ಬಂತು.’ ಅದರ ಜೊತೆಗೆ ಒಂದಿಷ್ಟು ಒಗ್ಗರಣೆ: ಜೇನು ಸ್ವಲ್ಪ ಕಡಿಮೆ ಹಾಕಿದೆ, ಕೈಗವಸಿನ ಹೆಬ್ಬೆರಳು ಗಿಡ್ಡವಾಯಿತು, ನಮ್ಮ ಗಡಿಯಾರವೂ ಈಗ ಓಡುತ್ತಿದೆ ಆದರೆ ಹತ್ತು ನಿಮಿಷ ಮುಂದೆ.

ಲೇಸ್ಯಾಗೆ ಬ್ಲಾಗ್ ಸಾಕೆನಿಸಿದ್ದು ಒಂದೆರಡು ಸಲವಲ್ಲ. ಸೊಂಟ ಹಿಡಿದುಕೊಂಡ ದಿನ, ಕಣ್ಣೆಳೆಯುತ್ತಿದ್ದ ದಿನ, ಬರೆಯಲು ಏನೂ ತೋಚದ ದಿನ, ಇವತ್ತಿಗೆ ಮುಗಿಸಿಬಿಡೋಣ ಎಂದುಕೊಂಡೇ ಕೂರುತ್ತಿದ್ದಳು. ಅಲ್ಲೊಬ್ಬಳು ಕಾಯುತ್ತಿರುತ್ತಾಳೆ ಎಂಬ ಒಂದೇ ಕಾರಣಕ್ಕೆ ಮತ್ತೆ ಬರೆಯುತ್ತಿದ್ದಳು. ತಾನು ಕೈಯಿಂದ ಮಾಡಿದ್ದನ್ನು ಈ ಭೂಮಿಯ ಮೇಲೆ ಇನ್ನೊಬ್ಬರು ಮಾಡುತ್ತಾರೆ ಎಂಬುದು ಅವಳಿಗೆ ಸಣ್ಣ ವಿಷಯವಾಗಿರಲಿಲ್ಲ. ಒಗೆದ ಚಾದರ ಮರುದಿನ ಕೊಳೆಯಾಗಿ ವಾಪಸು ಬರುತ್ತದೆ, ಇದು ಹಾಗಲ್ಲ.

ಆ ವರ್ಷ ಸೆಪ್ಟೆಂಬರಿನಲ್ಲಿ ಜೊತೆಯವಳೊಬ್ಬಳು ರಜೆ ಹಾಕಿದ್ದರಿಂದ ಲೇಸ್ಯಾ ಹನ್ನೆರಡು ದಿನ ಬಿಡುವಿಲ್ಲದೆ ದುಡಿದಳು. ಹಿತ್ತಲಿನ ಬೀನ್ಸ್ ಬಲಿಯುತ್ತಿತ್ತು. ಅಮ್ಮನ ಕಾಲದ ಚೀಟಿ ತೆಗೆದು, ಬೆಳ್ಳುಳ್ಳಿ ಸಬ್ಬಸಿಗೆ ಹಾಕಿ ಉಪ್ಪಿನಕಾಯಿ ಮಾಡಿದಳು. ಒರೆಸ್ಟ್‌ಗೆ ಹುಳಿ ತಿಂದರೆ ಎದೆ ಉರಿ. ಅದಕ್ಕೆ ವಿನೆಗರ್ ಅರ್ಧ ಕಡಿಮೆ ಮಾಡಿ ಆ ಜಾಗಕ್ಕೆ ನೀರು ಸೇರಿಸಿದಳು. ಎರಡೇ ಬಾಟಲಿ. ಫ್ರಿಜ್ಜಿನಲ್ಲಿಟ್ಟು ಹತ್ತು ದಿನದಲ್ಲಿ ತಿಂದು ಮುಗಿಸಿದರು. ಬ್ಲಾಗಿಗೆ ಬರೆಯುವಾಗ ತನ್ನ ಅಳತೆಯನ್ನೇ ಬರೆದಳು. ಕೊನೆಗೆ ಬಂದಾಗ ಕಣ್ಣು ಮುಚ್ಚಿಹೋಗುತ್ತಿತ್ತು; ಚೀಟಿಯಲ್ಲಿದ್ದ ಕೊನೆಯ ಸಾಲನ್ನು ಇದ್ದ ಹಾಗೇ ಇಳಿಸಿದಳು. ‘ನೆಲಮಾಳಿಗೆಯಲ್ಲಿಟ್ಟರೆ ಚಳಿಗಾಲ ಪೂರ್ತಿ ಇರುತ್ತದೆ.’

ಶುಕ್ರವಾರ ನೆಟ್ಟಿಯ ಸಾಲು ಬಂತು. ಹನ್ನೆರಡು ಬಾಟಲಿ ಮಾಡಿದೆ, ನೆಲಮಾಳಿಗೆಯಲ್ಲಿ ಸಾಲಾಗಿ ಇಟ್ಟಿದ್ದೇನೆ, ಜನವರಿ ಆರಕ್ಕೆ, ಕ್ರಿಸ್‌ಮಸ್ಸಿನ ಹಿಂದಿನ ರಾತ್ರಿಯ ಊಟಕ್ಕೆ ತೆಗೆಯುತ್ತೇನೆ. ಆ ಊಟವನ್ನು ಆ ದಿನ ಮಾಡುವುದು ಲೇಸ್ಯಾಳದ್ದರಂತೆ ಉಕ್ರೇನಿನಿಂದ ಬಂದ ಮನೆಗಳಲ್ಲಿ. ಓಹೋ, ಇವಳೂ ನಮ್ಮವಳೇ ಎಂದು ಲೇಸ್ಯಾಗೆ ಖುಷಿಯಾಯಿತು.

ನವೆಂಬರ್ ಕೊನೆಯ ಶನಿವಾರ ಚರ್ಚಿನ ಅಡುಗೆಮನೆಯಲ್ಲಿ ಹೆಂಗಸರು ಆಲೂಗೆಡ್ಡೆ ಕಡುಬು ಮಡಚುತ್ತಿದ್ದರು. ಅಲ್ಲಿ ಸ್ಟೆಫಾ ಚಿಕ್ಕಮ್ಮನದೇ ಕಾರುಬಾರು. ಎಂಬತ್ತರ ಮುದುಕಿ, ಅರವತ್ತು ವರ್ಷ ಬಾಟಲಿ ಉಪ್ಪಿನಕಾಯಿ ಹಾಕಿದವಳು. ಲೇಸ್ಯಾ ಮಾತಿಗೆ ಮಾತು ಬಂದು ತನ್ನ ಹುಳಿ ಕಡಿಮೆಯ ಬೀನ್ಸಿನ ಕಥೆ ಹೇಳಿದಳು. ಚಿಕ್ಕಮ್ಮನ ಕೈ ನಿಂತಿತು.

“ಅರ್ಧ ವಿನೆಗರ್ ಹಾಕಿ ನೆಲಮಾಳಿಗೇಲಿ ಇಡಿ ಅಂತ ಬರೆದ್ಯಾ? ತಲೆ ನೆಟ್ಟಗಿದ್ಯೇನೆ ನಿಂಗೆ? ಆ ಹುಳಿಯಿಂದ್ಲೇ ಅದು ಕೆಡದೆ ಇರೋದು. ಹುಳಿ ಕಡಿಮೆ ಆದ್ರೆ ಒಳಗೆ ವಿಷ ಆಗತ್ತೆ. ವಾಸನೆ ಬರಲ್ಲ, ಬಣ್ಣ ಬದಲಾಗಲ್ಲ. ತಿಂದವರು ಮಾತ್ರ ಏಳಲ್ಲ.”

ಲೇಸ್ಯಾ ಕಡುಬನ್ನು ಅಲ್ಲೇ ಬಿಟ್ಟು ಎದ್ದಳು. ಹಿಟ್ಟಿನ ಕೈಯಲ್ಲೇ ಕೋಟು ಹಾಕಿಕೊಂಡು ಮನೆಗೆ ಬಂದು ಆ ಬರಹವನ್ನು ಅಳಿಸಿದಳು. ಅಳಿಸಿದರೆ ನೆಟ್ಟಿಗೆ ತಿಳಿಯುವುದು ಹೇಗೆ ಎಂದು ಹೊಳೆದು, ಎಲ್ಲಕ್ಕಿಂತ ಮೇಲೆ ದಪ್ಪ ಅಕ್ಷರದಲ್ಲಿ ಹೊಸದಾಗಿ ಬರೆದಳು. ‘ನೆಟ್ಟಿ, ಬೀನ್ಸ್ ತಿನ್ನಬೇಡಿ. ಹನ್ನೆರಡೂ ಬಾಟಲಿ ಎಸೆಯಿರಿ. ತಪ್ಪು ನನ್ನದು. ಓದಿದ ಕೂಡಲೇ ಒಂದು ಮಾತು ಬರೆಯಿರಿ.’

ಬರೆದು ಮುಗಿಸಿದ ಮೇಲೆ ಅವಳಿಗೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹಿಂದಿನ ಎರಡು ವಾರ ನೆಟ್ಟಿಯ ಸಾಲೇ ಇರಲಿಲ್ಲ. ಹಬ್ಬದ ತಯಾರಿಯಲ್ಲಿ ಇರಬಹುದು ಎಂದುಕೊಂಡು ಸುಮ್ಮನಿದ್ದಳು. ಆರು ವರ್ಷದಲ್ಲಿ ಒಂದೂ ತಪ್ಪದವಳು ಎರಡು ತಪ್ಪಿಸಿದ್ದಾಳೆ. ಹಬ್ಬಕ್ಕೆ ಎಂದು ಇಟ್ಟಿದ್ದರೂ ಒಂದನ್ನು ರುಚಿ ನೋಡಲು ತೆಗೆದಿರಬಾರದೆಂದೇನು? ಎಲ್ಲ ಹೆಂಗಸರೂ ತೆಗೆಯುತ್ತಾರೆ.

ಮುಂದಿನ ಶುಕ್ರವಾರವೂ ಏನೂ ಬರಲಿಲ್ಲ. ಅದರ ಮುಂದಿನದ್ದೂ ಹಾಗೆಯೇ. ಗಂಡನಿಗೆ ಹೇಳಿದಾಗ ಅವನು ಮೊದಲು ನಗಾಡಿದ. ಅವಳ ಮುಖ ನೋಡಿ ಚಮಚ ಕೆಳಗಿಟ್ಟ.

“ಅವಳ ಊರು ಯಾವ್ದು?”

“ಗೊತ್ತಿಲ್ಲ.”

“ಅಡ್ಡಹೆಸರು?”

“ಗೊತ್ತಿಲ್ಲ ಮಾರಾಯ.”

“ಸಸ್ಕ್ಯಾಚೆವಾನ್‌ನಲ್ಲಿ ಕಲ್ಲು ಎಸೆದ್ರೆ ಒಬ್ಳು ನೆಟ್ಟಿಗೆ ತಾಗತ್ತೆ. ಆರು ವರ್ಷ ಮಾತಾಡ್ಕೊಂಡು ಹೆಸರು ಕೇಳ್ಬೇಕು ಅನ್ನಿಸ್ಲಿಲ್ವಾ?”

ಅನ್ನಿಸಿರಲಿಲ್ಲ. ಅದೇ ಅವಳನ್ನು ಹೆಚ್ಚು ಸುಟ್ಟಿತು. ಆರು ವರ್ಷ ನೆಟ್ಟಿ ತಾನು ಬರೆದದ್ದನ್ನೆಲ್ಲ ಓದಿದಳು, ತಾನು ಅವಳ ಬಗ್ಗೆ ಒಂದೇ ಒಂದು ಪ್ರಶ್ನೆ ಕೇಳಲಿಲ್ಲ. ಕೆಲಸದಲ್ಲಿ ಚಾದರ ಮಡಚುತ್ತಿದ್ದರೆ ಯಾವುದೋ ಕಾಣದ ನೆಲಮಾಳಿಗೆ, ಸಾಲಾಗಿ ನಿಂತ ಬಾಟಲಿಗಳು ಕಣ್ಣ ಮುಂದೆ ಬರುತ್ತಿದ್ದವು. ಊಟ ಸೇರಲಿಲ್ಲ. ಡಿಸೆಂಬರ್ ಪೂರ್ತಿ ಅವಳು ಬ್ಲಾಗಿನಲ್ಲಿ ಬೇರೇನೂ ಬರೆಯಲಿಲ್ಲ. ಪ್ರತಿ ಗುರುವಾರ ಅದೇ ಎಚ್ಚರಿಕೆ, ಅದೇ ಬೇಡಿಕೆ. ಕೊನೆಗೆ ತನ್ನ ಮನೆಯ ಫೋನ್ ನಂಬರನ್ನೂ ಹಾಕಿದಳು. ನೆಟ್ಟಿ ಅಥವಾ ನೆಟ್ಟಿಯನ್ನು ಬಲ್ಲವರು ಯಾರೇ ಆಗಲಿ, ದಯವಿಟ್ಟು ಫೋನ್ ಮಾಡಿ.

ಫೋನ್ ಬಂದದ್ದು ಜನವರಿ ಐದರ ಮಧ್ಯಾಹ್ನ. ಮರುದಿನದ ಊಟಕ್ಕೆ ಗೋಧಿ ಬೇಯುತ್ತಿತ್ತು. ಆಚೆಯಿಂದ ಮಾತಾಡಿದವಳು ವೆಲ್ಮಾ, ಸಸ್ಕ್ಯಾಚೆವಾನ್‌ನ ಒಂದು ವೃದ್ಧಾಶ್ರಮದಲ್ಲಿ ಕೆಲಸ ಮಾಡುವವಳು. ಬ್ಲಾಗ್ ನೋಡಿ ಒಂದೂವರೆ ತಿಂಗಳಾಗಿತ್ತು, ಇವತ್ತು ನೋಡಿದೆ, ಕ್ಷಮಿಸಿ ಎಂದಳು. ಆಮೇಲೆ ತಡವರಿಸಿ, ನೆಟ್ಟಿ ನವೆಂಬರ್ ಮಧ್ಯದಲ್ಲಿ ತೀರಿಕೊಂಡರು ಎಂದಳು.

ಲೇಸ್ಯಾ ಗೋಡೆಗೆ ಒರಗಿದಳು. ಕೇಳಲೇಬೇಕಾದದ್ದನ್ನು ಕೇಳಿದಳು.

“ಬೀನ್ಸ್ ತಿಂದಿದ್ರಾ?”

“ಯಾವ ಬೀನ್ಸ್?” ಎಂದು ವೆಲ್ಮಾ ತಬ್ಬಿಬ್ಬಾದಳು. “ಇಲ್ಲಮ್ಮಾ, ಅವರಿಗೆ ನ್ಯುಮೋನಿಯಾ ಆಗಿತ್ತು. ತೊಂಬತ್ತೊಂದು ವರ್ಷ. ಬೀನ್ಸ್ ಎಲ್ಲಿಂದ ಮಾಡ್ತಾರೆ? ಏಳು ವರ್ಷದಿಂದ ಇಲ್ಲೇ ಇದ್ರು. ರೂಮಲ್ಲಿ ಒಂದು ಕೆಟಲ್ ಇಡೋಕೂ ಬಿಡಲ್ಲ. ಕಣ್ಣೂ ಪೂರ್ತಿ ಹೋಗಿತ್ತು. ಶುಕ್ರವಾರ ನಾನು ಓದಿ ಹೇಳ್ತಿದ್ದೆ, ಅವರು ಹೇಳಿದ್ದನ್ನ ಟೈಪ್ ಮಾಡ್ತಿದ್ದೆ.”

ಬಾಟಲಿ ಇಲ್ಲ, ನೆಲಮಾಳಿಗೆ ಇಲ್ಲ. ಐದು ವಾರದಿಂದ ಲೇಸ್ಯಾಳ ಎದೆಯ ಮೇಲೆ ಕೂತಿದ್ದ ಭಾರ ಇಳಿಯಿತು. ಅದರ ಬೆನ್ನಿಗೇ ಸಿಟ್ಟು ಬಂತು. ಹಾಗಾದರೆ ಕೈಗವಸು? ಗಡಿಯಾರ? ಜೇನು ಕಡಿಮೆ ಹಾಕಿದ್ದು? ಆರು ವರ್ಷ ತನ್ನನ್ನು ಮಂಗ ಮಾಡಿದರೇ? ಸತ್ತವಳ ಮೇಲೆ ಸಿಟ್ಟಾಗುವುದಕ್ಕೆ ನಾಚಿಕೆಯೂ ಆಯಿತು. ಅವರು ಯಾಕೆ ಸುಳ್ಳು ಹೇಳುತ್ತಿದ್ದರು ಎಂದು ಮೆಲ್ಲನೆ ಕೇಳಿದಳು.

“ನಾನೂ ಒಂದ್ಸಲ ಕೇಳಿದ್ದೆ,” ಎಂದಳು ವೆಲ್ಮಾ. “ಅಜ್ಜಿ, ಮಾಡದೇ ಇದ್ದಿದ್ದನ್ನ ಮಾಡಿದೆ ಅಂತ ಯಾಕೆ ಬರೆಸ್ತೀರಿ ಅಂದೆ. ‘ಆ ಹುಡುಗಿಗೆ ತುಂಬ ಸುಸ್ತಾಗಿದೆ ಕಣೇ. ಓದಿದ್ರೆ ಗೊತ್ತಾಗಲ್ವಾ? ಯಾರೂ ಏನೂ ಅನ್ನದೇ ಇದ್ರೆ ನಿಲ್ಲಿಸಿಬಿಡ್ತಾಳೆ. ಆಮೇಲೆ ಶುಕ್ರವಾರ ನಾನೇನು ಕೇಳ್ಲಿ?’ ಅಂದ್ರು.”

ಲೇಸ್ಯಾ ಬ್ಲಾಗಿನಲ್ಲಿ ಆಸ್ಪತ್ರೆಯ ಸುದ್ದಿ ಎತ್ತಿದವಳಲ್ಲ. ದಣಿವಿನ ಬಗ್ಗೆ ಒಂದಕ್ಷರ ಬರೆದವಳಲ್ಲ. ಅವಳ ಪಕ್ಕದಲ್ಲೇ ಮಲಗುವ ಒರೆಸ್ಟ್ ಕೂಡ, ಸುಸ್ತಾಯಿತಾ ಎಂದು ಕೇಳಿ ಎಷ್ಟು ವರ್ಷವಾಗಿತ್ತೋ. ಕಣ್ಣು ಕಾಣದ ಮುದುಕಿಯೊಬ್ಬಳು ಮೊಟ್ಟೆ, ಗಡಿಯಾರ, ಗುಬ್ಬಿಗಳ ನಡುವೆ ಅದನ್ನು ಕಂಡುಹಿಡಿದಿದ್ದಳು. ಫೋನ್ ಇಟ್ಟ ಮೇಲೆ ಲೇಸ್ಯಾ ಒಲೆಯ ಮುಂದೆ ನಿಂತು ಗೋಧಿ ತಿರುವುತ್ತಾ ಬಿಕ್ಕಿ ಬಿಕ್ಕಿ ಅತ್ತಳು. ಅತ್ತದ್ದು ನೆಟ್ಟಿಗೋ ತನಗೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಕೆಲಸ ಮುಗಿಸಿ ಬಂದು ಹನ್ನೆರಡು ಬಗೆಯ ಅಡುಗೆ ಪೂರೈಸುವ ಹೊತ್ತಿಗೆ ಅವಳ ಸೊಂಟ ಮುರಿದಿತ್ತು. ಆ ರಾತ್ರಿ ಮನೆಯಲ್ಲಿ ತೀರಿಕೊಂಡವರಿಗೆ ಎಂದು ಒಂದು ತಟ್ಟೆ ಹೆಚ್ಚಿಗೆ ಇಡುವುದು ಪದ್ಧತಿ. ಪ್ರತಿ ವರ್ಷ ಅವಳು ಅಮ್ಮನ ಹೆಸರಿನಲ್ಲಿ ಅದನ್ನು ಬರಿದಾಗಿಯೇ ಇಡುತ್ತಿದ್ದಳು. ಈ ಸಲ ಅದರ ಪಕ್ಕದಲ್ಲಿ ಇನ್ನೊಂದು ಇಟ್ಟಳು.

“ಅದ್ಯಾರಿಗೆ?” ಎಂದು ಕೇಳಿದ ಒರೆಸ್ಟ್.

“ನೆಟ್ಟಿಗೆ.”

ಅವನು ತಮಾಷೆ ಮಾಡಲಿಲ್ಲ. ಎದ್ದು ಇನ್ನೊಂದು ಕುರ್ಚಿ ತಂದು ಹಾಕಿದ.

ಲೇಸ್ಯಾ ಆ ತಟ್ಟೆಯನ್ನು ಬರಿದಾಗಿ ಬಿಡಲಿಲ್ಲ. ಜೇನು ಗಸಗಸೆ ಬೆರೆಸಿದ ಗೋಧಿ ಬಡಿಸಿದಳು, ಬೀಟ್‌ರೂಟ್ ಸಾರು, ಎಲೆಕೋಸಿನ ಸುರುಳಿ, ಆಲೂಗೆಡ್ಡೆ ಕಡುಬು, ಮೀನು, ಒಂದೊಂದಾಗಿ ಹನ್ನೆರಡನ್ನೂ ಬಡಿಸಿದಳು. ಸತ್ತವರ ತಟ್ಟೆಗೆ ಯಾರಾದರೂ ಅಷ್ಟು ಬಡಿಸುತ್ತಾರಾ ಎಂದು ಒರೆಸ್ಟ್ ಗೊಣಗಿದ.

“ಆರು ವರ್ಷ ಚೆನ್ನಾಗಿ ಬಂತು ಚೆನ್ನಾಗಿ ಬಂತು ಅಂತ ಬರೀ ಬಾಯಲ್ಲೇ ಹೇಳಿದ್ಲು,” ಎಂದಳು ಲೇಸ್ಯಾ. “ಇವತ್ತಾದ್ರೂ ತಿಂದು ಹೇಳ್ಲಿ.”